ಏಕದಿನದ ದೊಡ್ಡ ಬ್ಯಾಟ್ಸ್‌ಮನ್ ಯಾರು? ಶತಕ ಬದಿಗಿಟ್ಟು ಎಸೆತದ ಲೆಕ್ಕ ಹಿಡಿದು ಮಾತಾಡೋಣ

ಮಾಟುಂಗಾ ಸ್ಕೋರ್‌ಬುಕ್

ವಾಂಖೆಡೆಯಲ್ಲಿ ಪಂದ್ಯ ಬಂತು ಅಂದ್ರೆ ಮುಂಬೈ ಕನ್ನಡಿಗರ ನಡುವೆ ಇದೇ ಜಗಳ. ಒಬ್ಬರು ಸಚಿನ್ 49 ಅಂತಾರೆ, ಇನ್ನೊಬ್ಬರು ಕೊಹ್ಲಿ 50 ದಾಟಿದ ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತೆ. ಶತಕದ ಎಣಿಕೆಯಿಂದ ಯಾರು ಮೇಲಿನ ಕ್ರಮಾಂಕದಲ್ಲಿ ಆಡಿದ್ರು, ಯಾರು ಹೆಚ್ಚು ವರ್ಷ ಆಡಿದ್ರು ಅನ್ನೋದು ತಿಳಿಯುತ್ತೆ. ಯಾರು ದೊಡ್ಡವರು ಅನ್ನೋದು ತಿಳಿಯಲ್ಲ. ಹಾಗಾಗಿ ಬೇರೆ ದಾರಿ ಹಿಡಿಯೋಣ.

ಏಕದಿನದಲ್ಲಿ ತಂಡದ ಕೈಲಿರೋದು ಎರಡೇ: 300 ಎಸೆತ, 10 ವಿಕೆಟ್. ಟೆಸ್ಟಲ್ಲಿ ವಿಕೆಟ್ ಮುಖ್ಯ, ಟಿ20ಯಲ್ಲಿ ಎಸೆತ ಮುಖ್ಯ, ಇಲ್ಲಿ ಎರಡನ್ನೂ ತೂಗಬೇಕು. ಅದಕ್ಕೆ ಸುಲಭದ ಲೆಕ್ಕ ಒಂದಿದೆ. ಸರಾಸರಿಯನ್ನ (ಒಂದು ಔಟಿಗೆ ಎಷ್ಟು ರನ್) ಸ್ಟ್ರೈಕ್ ರೇಟ್‌ನಿಂದ (ನೂರು ಎಸೆತಕ್ಕೆ ಎಷ್ಟು ರನ್) ಭಾಗಿಸಿ ನೂರರಿಂದ ಗುಣಿಸಿ. ಒಂದು ಸಲ ಔಟಾಗೋಕೆ ಆತ ಎಷ್ಟು ಎಸೆತ ತಗೋತಾನೆ ಅನ್ನೋದು ಬರುತ್ತೆ.

ಸೆಹ್ವಾಗ್: 35.05, ಸ್ಟ್ರೈಕ್ ರೇಟ್ 104.33. ಔಟಿಗೆ 34 ಎಸೆತ.
ಗಿಲ್‌ಕ್ರಿಸ್ಟ್: 35.89, 96.94. ಔಟಿಗೆ 37.
ರಿಚರ್ಡ್ಸ್: 47.00, 90.20. ಔಟಿಗೆ 52.
ಸಚಿನ್: 44.83, 86.23. ಔಟಿಗೆ 52.
ಡಿವಿಲಿಯರ್ಸ್: 53.50, 101.09. ಔಟಿಗೆ 53.
ಧೋನಿ: 50.57, 87.56. ಔಟಿಗೆ 58.
ಬೆವನ್: 53.58, 74.16. ಔಟಿಗೆ 72.

ಇಲ್ಲಿ ಗಮನಿಸಿ. ರಿಚರ್ಡ್ಸ್, ಸಚಿನ್, ಡಿವಿಲಿಯರ್ಸ್ ಮೂರು ಬೇರೆ ಬೇರೆ ಕಾಲದವರು, ಆಡಿದ ರೀತಿಗೂ ಸಂಬಂಧ ಇಲ್ಲ. ಆದ್ರೂ ಮೂವರೂ 52-53ಕ್ಕೇ ಬಂದು ನಿಂತಿದ್ದಾರೆ. ವೇಗವಾಗಿ ಆಡುವವನಿಗೆ ಅಲ್ಲೊಂದು ಗೋಡೆ ಇದ್ದ ಹಾಗಿದೆ. ಬೆವನ್ ಅದನ್ನ ದಾಟಿದ್ದು ವೇಗ ಇಳಿಸಿ. ಕೊಹ್ಲಿಯ ಸರಾಸರಿ 58ರ ಆಸುಪಾಸು, ಸ್ಟ್ರೈಕ್ ರೇಟ್ 93ರ ಆಸುಪಾಸು. ಔಟಿಗೆ 62 ಎಸೆತ ಬೀಳುತ್ತೆ. ಸಚಿನ್‌ಗಿಂತ ಹತ್ತು ಎಸೆತ ಹೆಚ್ಚು ನಿಂತು, ಸಚಿನ್‌ಗಿಂತ ಬೇಗನೂ ಆಡಿದವನು ಆತ. ನನ್ನ ಮತ ಕೊಹ್ಲಿಗೆ. ಒಪ್ಪದವರು ಲೆಕ್ಕ ಹಿಡಿದೇ ಬನ್ನಿ.

ಡೊಂಬಿವಲಿ ಫಾಸ್ಟ್

ಲೆಕ್ಕ ಸರಿಯಿದೆ, ಆದ್ರೆ ಸಚಿನ್‌ನ ಇಡೀ ವೃತ್ತಿಜೀವನವನ್ನ ಒಂದೇ ಚೀಲಕ್ಕೆ ಹಾಕೋದು ತಪ್ಪು. 1989ರ ಡಿಸೆಂಬರ್‌ನಿಂದ 1994ರ ಮಾರ್ಚ್‌ವರೆಗೆ ಅವರು ಆಡಿದ್ದು ಮಧ್ಯಮ ಕ್ರಮಾಂಕದಲ್ಲಿ. ಎಷ್ಟೋ ಸಲ ಕ್ರೀಸಿಗೆ ಬರುವಾಗ ಉಳಿದಿರ್ತಿದ್ದುದೇ ಕೆಲವು ಓವರ್. 1994ರ ಮಾರ್ಚ್ 27ಕ್ಕೆ ಆಕ್ಲೆಂಡ್‌ನಲ್ಲಿ ಮೊದಲ ಸಲ ಓಪನಿಂಗ್ ಸಿಕ್ತು, 49 ಎಸೆತಕ್ಕೆ 82. ಮೊದಲ ಶತಕ ಬಂದದ್ದು 79ನೇ ಪಂದ್ಯದಲ್ಲಿ, ಅದೇ ವರ್ಷ ಕೊಲಂಬೊದಲ್ಲಿ ಆಸ್ಟ್ರೇಲಿಯಾ ವಿರುದ್ಧ.

ಓಪನರ್ ಆಗಿ ಮಾತ್ರ ನೋಡಿ: 340 ಇನಿಂಗ್ಸ್, 15310 ರನ್, ಸರಾಸರಿ 48.29, ಶತಕ 45. 49ರಲ್ಲಿ 45 ಓಪನಿಂಗ್‌ನಲ್ಲೇ. ಮೊದಲ ನಾಲ್ಕು ವರ್ಷ ಅವರನ್ನ ತಪ್ಪು ಜಾಗದಲ್ಲಿ ಆಡಿಸಿದ್ದರ ದಂಡವನ್ನ ಅವರ ಸರಾಸರಿ ಇವತ್ತಿಗೂ ಕಟ್ತಾ ಇದೆ.

ಇನ್ನು 1998. ಒಂದೇ ವರ್ಷ 1894 ರನ್, 9 ಶತಕ. ಶಾರ್ಜಾದ ಏಪ್ರಿಲ್ 22ರ ಪಂದ್ಯದಲ್ಲಿ ಮರಳುಗಾಳಿ ಎದ್ದು ಗುರಿ 46 ಓವರ್‌ಗೆ 276 ಆಯ್ತು, ಫೈನಲ್‌ಗೆ ಹೋಗೋಕೆ 237 ಸಾಕಿತ್ತು. 131 ಎಸೆತಕ್ಕೆ 143 ಹೊಡೆದು ಮೊದಲು 237 ದಾಟಿಸಿದ್ರು, ಆಮೇಲೆ ಪಂದ್ಯವನ್ನೇ ಗೆಲ್ಲೋಕೆ ಹೊರಟ್ರು. ಎರಡು ದಿನ ಬಿಟ್ಟು ಫೈನಲ್‌ನಲ್ಲಿ ಅದೇ ಆಸ್ಟ್ರೇಲಿಯಾ ಎದುರು 134, ಕಪ್ಪು ನಮ್ಮದು. ಫೈನಲ್‌ಗೆ ಎಷ್ಟು ಬೇಕು, ಗೆಲುವಿಗೆ ಎಷ್ಟು ಬೇಕು ಅಂತ ಎರಡು ಗುರಿಯನ್ನ ತಲೆಯಲ್ಲಿಟ್ಟು ಆಡಿದ ಇನಿಂಗ್ಸ್ ಅದು. ಔಟಿಗೆ ಇಷ್ಟು ಎಸೆತ ಅನ್ನೋ ಕೋಷ್ಟಕದಲ್ಲಿ ಅದು ಎಲ್ಲಿ ಕಾಣುತ್ತೆ?

ಹುಬ್ಬಳ್ಳಿ ಟು ಹಡಪ್ಸರ್

ನೋಡ್ರಿ, ನೀವಿಬ್ರೂ ಸಚಿನ್ ಕೊಹ್ಲಿ ಅಂತ ಗುದ್ದಾಡಕ್ಹತ್ತೀರಿ, ರಿಚರ್ಡ್ಸ್‌ನ ಮೂಲ್ಯಾಗ ಕುಂದ್ರಿಸೀರಿ. ಸ್ಟ್ರೈಕ್ ರೇಟ್ 90 ಅಂತ ಬರದ್ರ ಇವತ್ತಿನ ಹುಡುಗ್ರಿಗೆ ಅದೇನು ದೊಡ್ಡದು ಅನಸ್ತದ. ಆ ಕಾಲದಾಗ ತಂಡಗಳು ಓವರಿಗೆ ಸುಮಾರು ನಾಲ್ಕೂವರಿ ರನ್ ಮಾಡ್ತಿದ್ವು. ಅಂದ್ರ ನೂರು ಎಸೆತಕ್ಕ 75. ಈ ಮನಷ್ಯಾ 90. ಎಲ್ಲಾರಕಿಂತ 20 ಪರ್ಸೆಂಟ್ ಮುಂದ. ಕೊಹ್ಲಿ ಕಾಲದಾಗ ಓವರಿಗೆ ಐದು ದಾಟೇತಿ, ಹಂಗಾಗಿ 93 ಅನ್ನೋದು ಎಲ್ಲಾರಕಿಂತ ಸ್ವಲ್ಪ ಮುಂದ ಅಷ್ಟ.

ಒಂದ ಪಂದ್ಯ ಬಿಚ್ಚಿ ತೋರಸ್ತೀನಿ. 1984ರ ಮೇ 31, ಓಲ್ಡ್ ಟ್ರಾಫರ್ಡ್, 55 ಓವರಿನ ಪಂದ್ಯ. ವೆಸ್ಟ್ ಇಂಡೀಸ್ 166ಕ್ಕ 9. ಕಡೀ ಜೋಡಿ ಹೋಲ್ಡಿಂಗ್ ಬಂದ. ಇಬ್ರೂ ಕೂಡಿ ಮುರೀದ 106 ರನ್ ಸೇರಿಸಿದ್ರು, ಅದರಾಗ ಹೋಲ್ಡಿಂಗ್ ಮಾಡಿದ್ದು 12. ರಿಚರ್ಡ್ಸ್ 170 ಎಸೆತಕ್ಕ ಔಟಾಗದ 189. ತಂಡದ ಮೊತ್ತ 272. ಎರಡನೇ ದೊಡ್ಡ ಸ್ಕೋರು ಬ್ಯಾಪ್ಟಿಸ್ಟ್‌ಂದು, 26.

ಈಗ ಲೆಕ್ಕ ಹಾಕ್ರಿ. 330 ಎಸೆತದಾಗ ಇವಂದು 170 ತಗದ್ರ ಉಳದದ್ದು 160. ಇವನ 189 ತಗದ್ರ ಎಕ್ಸ್‌ಟ್ರಾ ಸೇರಿ ಉಳದ ರನ್ 83. ಅಂದ್ರ ಉಳದವ್ರು ನೂರು ಎಸೆತಕ್ಕ 52, ಇಂವ 111. ಅದ ಪಿಚ್, ಅದ ಬೌಲರ್, ಅದ ದಿನ. ಎರಡು ಪಟ್ಟಿಗೂ ಮಿಗಿಲು! ಇಂಗ್ಲೆಂಡ್ 168ಕ್ಕ ಆಲೌಟ್, ಅಂದ್ರ ಅವರ ಹನ್ನೊಂದೂ ಮಂದಿ ಕೂಡಿ ಇವನೊಬ್ಬನ ಸ್ಕೋರ್ ಮುಟ್ಟಲಿಲ್ಲ. ಹೆಲ್ಮೆಟ್ ಇಲ್ಲದ ತಲಿ, ಇವತ್ತಿನಂಥಾ ದಪ್ಪ ಅಂಚಿನ ಬ್ಯಾಟೂ ಇಲ್ಲ.

ಠಾಣೆ ನೆಟ್ಸ್

ಹುಬ್ಬಳ್ಳಿಯವರು ಹಿಡಿದ ದಾರಿ ಸರಿ. ಬ್ಯಾಟ್ಸ್‌ಮನ್‌ನ ಆ ದಿನದ ಪಂದ್ಯದ ಜೊತೆಗೇ ಹೋಲಿಸಬೇಕು. ಇದಕ್ಕೆ ನಿಯಮದ ಬದಲಾವಣೆಯನ್ನೂ ಸೇರಿಸಿಕೊಳ್ಳಿ, ಇಲ್ಲದಿದ್ರೆ 1980 ಮತ್ತು 2020 ಒಂದೇ ಆಟ ಅಂದ್ಕೊಂಡುಬಿಡ್ತೀವಿ.

1975 ಮತ್ತು 1979ರ ವಿಶ್ವಕಪ್‌ಗಳಲ್ಲಿ ಫೀಲ್ಡರ್‌ಗಳನ್ನ ವೃತ್ತದೊಳಗೆ ಕಟ್ಟಿಹಾಕುವ ನಿಯಮವೇ ಇರಲಿಲ್ಲ. 1992ರ ವಿಶ್ವಕಪ್‌ನಿಂದ ಮೊದಲ 15 ಓವರ್‌ಗೆ ಇಬ್ಬರೇ ಹೊರಗೆ. 2005ರಲ್ಲಿ ಪವರ್‌ಪ್ಲೇ ಬಂತು, ಅಂದ್ರೆ ವೃತ್ತದ ಹೊರಗೆ ಫೀಲ್ಡರ್ ಕಡಿಮೆ ಇರಬೇಕಾದ ಓವರ್‌ಗಳು. 2011ರ ಅಕ್ಟೋಬರ್‌ನಿಂದ ಎರಡು ಹೊಸ ಚೆಂಡು, ಒಂದೊಂದು ತುದಿಯಿಂದ ಒಂದೊಂದು. 2012ರಿಂದ ಪವರ್‌ಪ್ಲೇ ಇಲ್ಲದ ಓವರ್‌ಗಳಲ್ಲೂ ನಾಲ್ವರೇ ಹೊರಗೆ, ಓವರಿಗೆ ಎರಡು ಬೌನ್ಸರ್. 2015ರಲ್ಲಿ ಬ್ಯಾಟಿಂಗ್ ಪವರ್‌ಪ್ಲೇ ತೆಗೆದು, ಕೊನೆಯ 10 ಓವರಿಗೆ ಐವರನ್ನ ಹೊರಗೆ ಬಿಟ್ರು.

ಇದರಲ್ಲಿ ದೊಡ್ಡ ಪೆಟ್ಟು ಎರಡು ಚೆಂಡಿನದು. 2025ರ ಜುಲೈವರೆಗೆ 50ನೇ ಓವರ್ ಮುಗಿಯುವಾಗಲೂ ಪ್ರತಿ ಚೆಂಡಿಗೆ ಆಗಿರ್ತಿದ್ದುದು 25 ಓವರ್ ವಯಸ್ಸು. ಒಂದು ಮಗ್ಗುಲು ಒರಟಾಗಿ ರಿವರ್ಸ್ ಸ್ವಿಂಗ್ (ಹಳೇ ಚೆಂಡು ಉಲ್ಟಾ ದಿಕ್ಕಿಗೆ ಓಲಾಡೋದು) ಶುರುವಾಗೋಕೆ ಅಷ್ಟು ಸಾಲ್ತಿರಲಿಲ್ಲ. ಚೆಂಡು ಗಟ್ಟಿಯಾಗೇ ಉಳೀತಿತ್ತು, ಬ್ಯಾಟಿಗೆ ಸಲೀಸಾಗಿ ಬರ್ತಿತ್ತು, ಹೊಡೆದರೆ ದೂರ ಹೋಗ್ತಿತ್ತು. ಸ್ಪಿನ್ನರ್ ಬೆರಳಿಗೆ ಸವೆದ ಚೆಂಡಿನ ಹಿಡಿತ ಸಿಗ್ತಿರಲಿಲ್ಲ. ಸಚಿನ್ ಕಾಲದ ಬಹುಭಾಗದಲ್ಲಿ ಇದ್ದದ್ದು ಒಂದೇ ಚೆಂಡು. 35ನೇ ಓವರ್ ಹೊತ್ತಿಗೆ ಬಣ್ಣಗೆಟ್ಟು ಮೆತ್ತಗಾಗಿರುತ್ತಿತ್ತು, ಕಾಣೋದೂ ಕಷ್ಟ. 2007ರಿಂದ 34 ಓವರ್ ಆದ ಮೇಲೆ ಚೆಂಡು ಬದಲಿಸೋದನ್ನ ಕಡ್ಡಾಯ ಮಾಡಿದ್ದು ಅದಕ್ಕೇ.

ಆದರೆ ಕೊಹ್ಲಿಗೆ ಇದು ಬರೀ ಲಾಭ ಅಂತ ಹೇಳಬೇಡಿ. ಎರಡು ಹೊಸ ಚೆಂಡು ಅಂದ್ರೆ ಮೊದಲ 10-12 ಓವರ್ ಸ್ವಿಂಗ್ ಉಳಿಯುತ್ತೆ. ಮೂರನೇ ಕ್ರಮಾಂಕದವನು ಎರಡನೇ ಓವರಲ್ಲೇ ಬಂದ್ರೆ ಪೂರ್ತಿ ಹೊಸ ಚೆಂಡನ್ನೇ ಎದುರಿಸಬೇಕು.

ವಾಸ್ಕೋ ಲೆಗ್‌ಗ್ಲಾನ್ಸ್

ಬೆವನ್ ವೇಗ ಇಳಿಸಿ ಗೋಡೆ ದಾಟಿದ ಅಂದ್ರಲ್ಲ, ಆ ಮಾತಿಗೆ ನನ್ನ ತಕರಾರಿದೆ. ಆತ ಬರ್ತಿದ್ದದ್ದು ಆರನೇ ಕ್ರಮಾಂಕಕ್ಕೆ. ನಾಲ್ಕೈದು ವಿಕೆಟ್ ಹೋದ ಮೇಲೆ ಬರುವವನಿಗೆ ಮೊದಲ 20 ಎಸೆತದಲ್ಲಿ ಬೌಂಡರಿ ಬೇಕಿಲ್ಲ, ಎದುರಿಗಿರುವ ಬೌಲರ್‌ಗಳನ್ನ ಓವರಿಗೆ ನಾಲ್ಕು ಸಿಂಗಲ್‌ನಲ್ಲಿ ಮುಗಿಸೋದು ಬೇಕು.

2001ರ ಏಪ್ರಿಲ್ 6, ನಮ್ಮ ಮಡಗಾಂವದ ಫಾತೋರ್ಡಾ. ಭಾರತ-ಆಸ್ಟ್ರೇಲಿಯಾ ಸರಣಿ 2-2. ಲಕ್ಷ್ಮಣ್ ಶತಕ ಹೊಡೆದು ಭಾರತ 265. ಗಿಲ್‌ಕ್ರಿಸ್ಟ್ ಮೇಲಿಂದ ಮೇಲೆ ಬಾರಿಸಿ ದಾರಿ ಮಾಡಿಕೊಟ್ಟ. ನಡುವೆ ವಿಕೆಟ್ ಬಿದ್ದವು. ಬೆವನ್ ಔಟಾಗದೆ 87 ಮಾಡಿ ಸರಣಿಯನ್ನೇ ಎತ್ತಿಕೊಂಡು ಹೋದ. ಚೆಂಡನ್ನ ಗ್ಯಾಪ್‌ಗೆ ತಳ್ಳೋದು, ಓಡೋದು, ಡೀಪ್ ಫೀಲ್ಡರ್ ಎಡಗೈಯವನೋ ಬಲಗೈಯವನೋ ನೋಡಿ ಎರಡನೇ ರನ್ ಕದಿಯೋದು. ಬಿಸಿಲು, ಸೆಕೆ, ಸ್ಪಿನ್, ಯಾವುದೂ ಅವನ ಓಟ ನಿಲ್ಲಿಸಲಿಲ್ಲ.

2002ರಲ್ಲಿ ಮೆಲ್ಬರ್ನ್‌ನಲ್ಲಿ ನ್ಯೂಜಿಲೆಂಡ್ ಎದುರು 246ರ ಗುರಿ, 82ಕ್ಕೆ 6, ಬೆವನ್ ಔಟಾಗದೆ 102, ಗೆಲುವು. 2003ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಎದುರು 205ರ ಗುರಿ, 135ಕ್ಕೆ 8, ಬೆವನ್ 74, ಬಿಕೆಲ್ 34, ಇಬ್ಬರೂ ಔಟಾಗದೆ ಗೆಲುವು. ಈ ಎರಡೂ ಪಂದ್ಯದಲ್ಲಿ ಸ್ಟ್ರೈಕ್ ರೇಟ್ ಕೇಳೋರು ಯಾರು?

ಮಾಟುಂಗಾ ಸ್ಕೋರ್‌ಬುಕ್

ಬೆವನ್‌ನ ಮೆಲ್ಬರ್ನ್ ಶತಕ ನನಗೂ ಪ್ರಾಣ. ಆದ್ರೆ ಒಂದು ಎಚ್ಚರಿಕೆ ಬೇಕು. 196 ಇನಿಂಗ್ಸ್‌ನಲ್ಲಿ 67 ಸಲ ಆತ ಔಟಾಗಿಲ್ಲ. ಸರಾಸರಿ ಲೆಕ್ಕ ಹಾಕುವಾಗ ಆ 67ನ್ನ ಬಿಟ್ಟು 129ರಿಂದ ಭಾಗಿಸ್ತೀವಿ. ಪ್ರತಿ ಇನಿಂಗ್ಸಿಗೆ ಎಷ್ಟು ರನ್ ಅಂತ ನೋಡಿದ್ರೆ ಬೆವನ್ 35, ಧೋನಿ 36, ರಿಚರ್ಡ್ಸ್ 40, ಸಚಿನ್ 41ಕ್ಕೆ ಹತ್ತಿರ, ಡಿವಿಲಿಯರ್ಸ್ 44. ಕೊಹ್ಲಿ 14000 ರನ್ ದಾಟಿದ್ದು 287ನೇ ಇನಿಂಗ್ಸ್‌ನಲ್ಲಿ, ಅಂದ್ರೆ ಇನಿಂಗ್ಸಿಗೆ ಸುಮಾರು 49. ಸಚಿನ್‌ಗೆ ಅದೇ 14000ಕ್ಕೆ 350 ಇನಿಂಗ್ಸ್ ಬೇಕಾಯ್ತು. ಕೆಳಕ್ರಮಾಂಕದವರಿಗೆ ಈ ಲೆಕ್ಕ ಅನ್ಯಾಯ, ಮೇಲಿನವರಿಗೆ ಸರಾಸರಿ ಅನ್ಯಾಯ. ಎರಡನ್ನೂ ಜೊತೆಗಿಟ್ಟು ನೋಡಿ, ಯಾವ ಒಂದನ್ನೂ ನಂಬಿ ಕೂರಬೇಡಿ.

ಕುಡ್ಲ ಟು ಕಾಂದಿವಲಿ

ಡಿವಿಲಿಯರ್ಸ್ ಬಗ್ಗೆ ಯಾರೂ ಮಾತಾಡುವುದಿಲ್ಲ ಮಾರಾಯ್ರೆ. 9577 ರನ್ನಿಗೆ ಸ್ಟ್ರೈಕ್ ರೇಟ್ 101, ಸರಾಸರಿ 53. ಎರಡೂ ಒಟ್ಟಿಗೆ ಇಟ್ಟುಕೊಂಡು ಇಷ್ಟು ದೂರ ಬಂದವರು ಬೇರೆ ಯಾರುಂಟು?

2015ರ ಅಕ್ಟೋಬರ್ 25ಕ್ಕೆ ವಾಂಖೆಡೆಯಲ್ಲಿ ದಕ್ಷಿಣ ಆಫ್ರಿಕಾ 438. ಡಿ ಕಾಕ್ 109, ಡುಪ್ಲೆಸಿ 133, ಡಿವಿಲಿಯರ್ಸ್ 61 ಎಸೆತಕ್ಕೆ 119, ಅದರಲ್ಲಿ 11 ಸಿಕ್ಸ್. ನಾವು 224ಕ್ಕೆ ಆಲೌಟ್. ಅದೇ ವರ್ಷ ಜನವರಿಯಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ 31 ಎಸೆತಕ್ಕೆ ಶತಕ, 44 ಎಸೆತಕ್ಕೆ 149.

ಅವನನ್ನು ನಿಲ್ಲಿಸುವುದು ಯಾಕೆ ಕಷ್ಟ ಎಂದರೆ, ಬೌಲರ್ ಓಡಿ ಬರುವಾಗಲೇ ಅವನು ಆಫ್ ಸ್ಟಂಪಿನ ಆಚೆ ಸರಿದು ಮಂಡಿ ಮಡಚಿ ಫೈನ್ ಲೆಗ್ ಮೇಲೆ ಎತ್ತುತ್ತಾನೆ. ಅದನ್ನು ತಡೆಯಲು ಫೈನ್ ಲೆಗ್ ಹಿಂದಕ್ಕೆ ಕಳಿಸಿದರೆ ನಿಯಮದಂತೆ ಮಿಡ್ ಆಫನ್ನೋ ಥರ್ಡ್ ಮ್ಯಾನನ್ನೋ ಒಳಗೆ ತರಬೇಕು. ಆಗ ಅದೇ ಯಾರ್ಕರನ್ನು ಹಿಂದೆ ಸರಿದು ಕವರ್ ಮೇಲೆ ಹೊಡೆಯುತ್ತಾನೆ. ಫೀಲ್ಡ್ ಇಡುವ ನಾಯಕನ ಬಳಿ ಒಬ್ಬ ಫೀಲ್ಡರ್ ಯಾವಾಗಲೂ ಕಡಿಮೆ.

ಠಾಣೆ ನೆಟ್ಸ್

ನಿಜ. ಆದರೆ ಜೊಹಾನ್ಸ್‌ಬರ್ಗ್‌ನಲ್ಲಿ ಆತ ಕ್ರೀಸಿಗೆ ಬಂದದ್ದು 39ನೇ ಓವರಲ್ಲಿ, ಮೊದಲ ವಿಕೆಟ್ ಬಿದ್ದ ಮೇಲೆ. ಅವತ್ತು ಆಮ್ಲಾ, ರೊಸ್ಸೋ ಇಬ್ಬರದೂ ಶತಕ. ವಿಕೆಟ್ ಕಳೆದುಕೊಳ್ಳುವ ಭಯ ಸ್ವಲ್ಪವೂ ಇಲ್ಲದ ಹೊತ್ತು. ಅದೇ ಎತ್ತರದ ಹೊಡೆತವನ್ನ ಭಯದ ನಡುವೆ ನೋಡಬೇಕಂದ್ರೆ ವಾಂಖೆಡೆಯ ಇನ್ನೊಂದು ರಾತ್ರಿಗೆ ಬನ್ನಿ.

2023ರ ನವೆಂಬರ್ 7, ಅಫ್ಘಾನಿಸ್ತಾನ ಎದುರು ಆಸ್ಟ್ರೇಲಿಯಾಕ್ಕೆ 292ರ ಗುರಿ, 91ಕ್ಕೆ 7. ವಾಂಖೆಡೆಯ ಕೆಂಪು ಮಣ್ಣಿನಲ್ಲಿ ಪುಟಿತ ಜಾಸ್ತಿ, ಸಂಜೆ ದೀಪ ಹತ್ತಿದ ಮೇಲೆ ಹೊಸ ಚೆಂಡು ಚೆನ್ನಾಗಿ ಓಲಾಡುತ್ತೆ. ಅದಕ್ಕೆ ಐದು ದಿನ ಮುಂಚೆ ಶ್ರೀಲಂಕಾ ಇಲ್ಲೇ ನಮ್ಮೆದುರು 55ಕ್ಕೆ ಉದುರಿತ್ತು. ಮ್ಯಾಕ್ಸ್‌ವೆಲ್ 128 ಎಸೆತಕ್ಕೆ ಔಟಾಗದೆ 201, ಕಮಿನ್ಸ್ 68 ಎಸೆತಕ್ಕೆ 12. ಸ್ನಾಯು ಹಿಡಿದುಕೊಂಡು ಕಾಲು ಮುಂದಿಡೋಕೂ ಆಗದೆ, ನಿಂತಲ್ಲೇ ಮಣಿಕಟ್ಟು ಮತ್ತು ಕೈಯ ಬಲದಲ್ಲಿ ಬೀಸಿದ್ದು. ಕಾಲು ಚಲಿಸದಿದ್ರೂ ತಲೆ ಅಲ್ಲಾಡಲಿಲ್ಲ, ಚೆಂಡಿನ ಮೇಲಿನ ಕಣ್ಣು ತಪ್ಪಲಿಲ್ಲ. ಬ್ಯಾಟಿಂಗ್ ಕಲಿಯೋ ಹುಡುಗರು ಆ ಇನಿಂಗ್ಸ್‌ನಲ್ಲಿ ನೋಡಬೇಕಾದ್ದು ಇದನ್ನೇ.

ಹುಬ್ಬಳ್ಳಿಯವರ ಲೆಕ್ಕ ಇಲ್ಲೂ ಹಾಕಿ. 46.5 ಓವರ್ ಅಂದ್ರೆ 281 ಎಸೆತ. ಮ್ಯಾಕ್ಸ್‌ವೆಲ್ ಬಿಟ್ಟು ಉಳಿದ 153 ಎಸೆತಕ್ಕೆ 92 ರನ್, ನೂರಕ್ಕೆ 60. ಮ್ಯಾಕ್ಸ್‌ವೆಲ್ 157. ಎರಡೂವರೆ ಪಟ್ಟು ಮೀರಿತು. ಒಂದೇ ಇನಿಂಗ್ಸ್‌ಗೆ ಬಹುಮಾನ ಕೊಡೋದಾದ್ರೆ ರಿಚರ್ಡ್ಸ್‌ನ 189ರ ಪಕ್ಕದಲ್ಲೇ ಇದನ್ನ ಇಡ್ತೀನಿ. ಗುರಿ ಬೆನ್ನಟ್ಟುವಾಗ ಬಂದದ್ದರಿಂದ ಒಂದು ಕೂದಲೆಳೆ ಮೇಲೆ.

ಹುಬ್ಬಳ್ಳಿ ಟು ಹಡಪ್ಸರ್

ಕಪಿಲ್ ದೇವ್‌ಂದೂ ಬರ್ಕೊಳ್ರಿ. 1983ರ ಜೂನ್ 18, ಟನ್‌ಬ್ರಿಜ್ ವೆಲ್ಸ್. 17ಕ್ಕ 5. ಅಲ್ಲಿಂದ ಔಟಾಗದ 175, ತಂಡದ್ದು 266. ಆ ದಿನ ಕಡೀತನಕ ಜೋಡಿ ನಿಂತಾಂವ ನಮ್ಮ ಸಯ್ಯದ್ ಕಿರ್ಮಾನಿ. 24 ರನ್, ಔಟಾಗದ, ಒಂಬತ್ತನೇ ವಿಕೆಟ್ಟಿಗೆ ಮುರೀದ 126. ಕಿರ್ಮಾನಿ ಆ ಕಡೆ ನಿಲ್ಲಲಿಲ್ಲ ಅಂದ್ರ ಆ 175 ಎಲ್ಲೀದು!

ನೆರೂಳ್ ಎಂಡ್

ಇಲ್ಲಿವರೆಗೂ ಗಂಡಸರ ಹೆಸರೇ ಬಂತು. ಮುಂಬೈಯಲ್ಲಿ ಕೂತು ಏಕದಿನದ ಮಾತಾಡುವಾಗ ಬಾಂದ್ರಾ ಬಿಡೋಕಾಗುತ್ತಾ? ಏಕದಿನದ ಮೊಟ್ಟಮೊದಲ ದ್ವಿಶತಕ ಬಂದದ್ದು ಅಲ್ಲಿಯ ಎಂಐಜಿ ಮೈದಾನದಲ್ಲಿ. 1997ರ ಡಿಸೆಂಬರ್ 16, ಆಸ್ಟ್ರೇಲಿಯಾದ ಬೆಲಿಂಡಾ ಕ್ಲಾರ್ಕ್, ಡೆನ್ಮಾರ್ಕ್ ಎದುರು 155 ಎಸೆತಕ್ಕೆ ಔಟಾಗದೆ 229. ಸಚಿನ್ ಗ್ವಾಲಿಯರ್‌ನಲ್ಲಿ 200 ಮಾಡಿದ್ದು 2010ರ ಫೆಬ್ರವರಿಯಲ್ಲಿ, ಹನ್ನೆರಡು ವರ್ಷ ಆದ ಮೇಲೆ. ಮೆಗ್ ಲ್ಯಾನಿಂಗ್ 103 ಪಂದ್ಯಕ್ಕೆ 15 ಶತಕ, ಸರಾಸರಿ 53 ದಾಟಿದೆ. ಮಿಥಾಲಿ ರಾಜ್ 7805 ರನ್, ಸರಾಸರಿ 50.68. ಈ ಹೆಸರುಗಳನ್ನ ಬಿಟ್ಟು ಪಟ್ಟಿ ಮಾಡಿದ್ರೆ ಪಟ್ಟಿ ಅರ್ಧವೇ.

ಈಗ ನಿಮ್ಮ ಎರಡು ಪಟ್ಟಿನ ಲೆಕ್ಕಕ್ಕೆ ಬರ್ತೀನಿ. 2025ರ ಅಕ್ಟೋಬರ್ 30, ನೆರೂಳಿನ ಡಿ.ವೈ. ಪಾಟೀಲ್ ಮೈದಾನ, ವಿಶ್ವಕಪ್ ಸೆಮಿಫೈನಲ್. ಆಸ್ಟ್ರೇಲಿಯಾ ಕೊಟ್ಟ ಗುರಿ 339. ಜೆಮಿಮಾ ರೋಡ್ರಿಗಸ್ ಮೂರನೇ ಕ್ರಮಾಂಕದಲ್ಲಿ ಬಂದು 134 ಎಸೆತಕ್ಕೆ ಔಟಾಗದೆ 127, 14 ಬೌಂಡರಿ, ಒಂದೂ ಸಿಕ್ಸ್ ಇಲ್ಲ. ಹರ್ಮನ್‌ಪ್ರೀತ್ 89, ಇಬ್ಬರ ನಡುವೆ 167. ಭಾರತ 48.3 ಓವರಿಗೆ 341. ಮಹಿಳಾ ಏಕದಿನದಲ್ಲಿ ಅಷ್ಟು ದೊಡ್ಡ ಗುರಿಯನ್ನ ಅದಕ್ಕೂ ಮೊದಲು ಯಾರೂ ಮುಟ್ಟಿರಲಿಲ್ಲ.

ನಿಮ್ಮ ಸೂತ್ರ ಹಾಕಿ. 291 ಎಸೆತದಲ್ಲಿ ಜೆಮಿಮಾ 134, ನೂರಕ್ಕೆ 95. ಉಳಿದ 157 ಎಸೆತಕ್ಕೆ ಎಕ್ಸ್‌ಟ್ರಾ ಸೇರಿ 214 ರನ್, ನೂರಕ್ಕೆ 136. ಸೂತ್ರದ ಪ್ರಕಾರ ಜೆಮಿಮಾ ತಂಡವನ್ನ ನಿಧಾನ ಮಾಡಿದವಳು! ಪಂದ್ಯ ನೋಡಿದ ಯಾರೂ ಹಾಗನ್ನಲ್ಲ. ಒಂದು ತುದಿ ಗಟ್ಟಿಯಾಗಿತ್ತು, ಅದಕ್ಕೇ ಇನ್ನೊಂದು ತುದಿಯಲ್ಲಿ ದೀಪ್ತಿ, ರಿಚಾ ಬಂದ ಕೂಡಲೇ ಬೀಸೋಕೆ ಧೈರ್ಯ ಮಾಡಿದ್ರು. 82ರಲ್ಲಿದ್ದಾಗ ಹೀಲಿ ಕ್ಯಾಚ್ ಬಿಟ್ಟರು ನಿಜ. ಅದಾದ ಮೇಲೂ ಆಕೆ ಹೊಡೆತದ ಆಯ್ಕೆ ಬದಲಿಸಲಿಲ್ಲ, ಗ್ಯಾಪ್ ಹುಡುಕೋದನ್ನ ನಿಲ್ಲಿಸಲಿಲ್ಲ.

ಮಾಟುಂಗಾ ಸ್ಕೋರ್‌ಬುಕ್

ಈ ಚರ್ಚೆಯಲ್ಲಿ ಇಲ್ಲಿವರೆಗೆ ಬಂದ ಅತಿ ಗಟ್ಟಿಯಾದ ಮಾತು ಇದು. ಇದೇ ಮಾತು ಕೊಹ್ಲಿಯ ಪುಣೆ ಇನಿಂಗ್ಸಿಗೂ ಹೊಂದುತ್ತೆ.

2017ರ ಜನವರಿ 15, ಗಹುಂಜೆ. ಇಂಗ್ಲೆಂಡ್ 350. ನಮ್ಮದು 63ಕ್ಕೆ 4, ಹನ್ನೆರಡು ಓವರೂ ಆಗಿರಲಿಲ್ಲ. ಕೊಹ್ಲಿ 105 ಎಸೆತಕ್ಕೆ 122, ಪುಣೆಯವರೇ ಆದ ಕೇದಾರ್ ಜಾಧವ್ 76 ಎಸೆತಕ್ಕೆ 120. 200 ರನ್ ಜೊತೆಯಾಟಕ್ಕೆ 25 ಓವರೂ ಹಿಡಿಯಲಿಲ್ಲ. ಕೊಹ್ಲಿಯ ಸ್ಟ್ರೈಕ್ ರೇಟ್ 116. ಗೆದ್ದಾಗ ಮೊತ್ತ 48.1 ಓವರಿಗೆ 356. ಕೊಹ್ಲಿ ಬಿಟ್ಟು ಉಳಿದ 184 ಎಸೆತಕ್ಕೆ 234, ನೂರಕ್ಕೆ 127. ಸೂತ್ರ ಇಲ್ಲೂ ಕೊಹ್ಲಿಯನ್ನ ಕೆಳಗೆ ಹಾಕುತ್ತೆ.

ಒಳಗೆ ಏನಾಯ್ತು ನೋಡಿ. 63ಕ್ಕೆ 4 ಆದ ಮೇಲೆ ಬೇಕಿದ್ದ ದರ ಓವರಿಗೆ ಏಳೂವರೆ ದಾಟಿತ್ತು. ಸಾಮಾನ್ಯವಾಗಿ ಆಗ ತಂಡಗಳು ಹತ್ತು ಓವರ್ ರಿಪೇರಿ ಮಾಡ್ತವೆ. ಹತ್ತು ಓವರಿಗೆ 40 ಅಂತ ಆಡಿದ್ರೆ ಉಳಿದ 28 ಓವರಿಗೆ ಒಂಬತ್ತರಂತೆ ಬೇಕಾಗ್ತಿತ್ತು. ಇವರು ರಿಪೇರಿ ಮಾಡಲೇ ಇಲ್ಲ, ಬಂದ ದರದಲ್ಲೇ ಹೋದ್ರು. ಜಾಧವ್ ಸ್ಪಿನ್ನರ್‌ಗಳನ್ನ ಹೊಡೆಯುವಾಗ ಕೊಹ್ಲಿ ಸ್ಟ್ರೈಕ್ ಬಿಟ್ಟುಕೊಟ್ರು, ಎರಡೆರಡು ರನ್ ಓಡಿದ್ರು. ವೋಕ್ಸ್‌ನ ಎಸೆತವನ್ನ ಹಿಂಗಾಲಲ್ಲೇ ನಿಂತು ಮಿಡ್‌ವಿಕೆಟ್ ಮೇಲೆ ಸಿಕ್ಸ್ ಹೊಡೆದದ್ದನ್ನ ಎಲ್ಲರೂ ನೆನೀತಾರೆ. ಗೆಲ್ಲಿಸಿದ್ದು ಮಾತ್ರ ನಡುವಿನ ಡಾಟ್ ಬಾಲ್‌ಗಳ (ರನ್ ಬರದ ಎಸೆತಗಳ) ಬರ.

ಡೊಂಬಿವಲಿ ಫಾಸ್ಟ್

ಗಹುಂಜೆಯಲ್ಲೇ ಇದರ ಉಲ್ಟಾ ಉದಾಹರಣೆಯೂ ಇದೆ. 2021ರ ಮಾರ್ಚ್ 26. ಭಾರತ 50 ಓವರಿಗೆ 336, ನಮ್ಮ ಕೆ.ಎಲ್. ರಾಹುಲ್ 108, ಕೊಹ್ಲಿ 66. ವಿಕೆಟ್ ಕೈಲಿಟ್ಟುಕೊಂಡು ಕೊನೆಗೆ ಹೊಡೆಯೋಣ ಅನ್ನೋ ಲೆಕ್ಕ, ಕೊನೆಗೆ ಪಂತ್ 40 ಎಸೆತಕ್ಕೆ 77 ಹೊಡೆದೂ ಹೊಡೆದ್ರು. ಸ್ಕೋರ್ ನೋಡಿದ್ರೆ ಗೆಲುವಿನ ಮೊತ್ತ. ಇಂಗ್ಲೆಂಡ್ 43.3 ಓವರಲ್ಲೇ ಮುಗಿಸಿತು, ಬೇರ್‌ಸ್ಟೊ 124, ಸ್ಟೋಕ್ಸ್ 52 ಎಸೆತಕ್ಕೆ 99. ಓವರಿಗೆ ಏಳೂಮುಕ್ಕಾಲು. ಇಬ್ಬನಿ ಬೀಳೋ ಸಪಾಟು ಪಿಚ್ ಮೇಲೆ ಮೊದಲು ಆಡುವವರಿಗೆ ನಡುವಿನ 20 ಓವರಿನ ನಿಧಾನ ಎಷ್ಟು ದುಬಾರಿ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕೊಹ್ಲಿ ಗುರಿ ಬೆನ್ನಟ್ಟುವಾಗ ಎಷ್ಟು ನಿಖರವೋ, ಗುರಿ ಎಷ್ಟು ಇಡಬೇಕು ಅಂತ ಊಹಿಸುವಾಗ ಅಷ್ಟು ನಿಖರ ಅಲ್ಲ. ಮೊದಲು ಬ್ಯಾಟಿಂಗ್ ಬಂದ್ರೆ ನನಗೆ ಸಚಿನ್ ಬೇಕು, ರೋಹಿತ್ ಬೇಕು. 2014ರಲ್ಲಿ ಈಡನ್‌ನಲ್ಲಿ ರೋಹಿತ್‌ಗೆ 173 ಎಸೆತಕ್ಕೆ 264 ಬಂದದ್ದು ಮೊದಲು ಬ್ಯಾಟ್ ಮಾಡುವಾಗಲೇ.

ಕುಡ್ಲ ಟು ಕಾಂದಿವಲಿ

ಸಣ್ಣ ಗುರಿಯಲ್ಲಿ ಕೊಹ್ಲಿಯನ್ನು ನೋಡಬೇಕು. 2023ರ ಅಕ್ಟೋಬರ್ 8, ಚೆನ್ನೈ. 200ರ ಗುರಿ, 2 ರನ್ನಿಗೆ 3 ವಿಕೆಟ್. ಕೊಹ್ಲಿ 116 ಎಸೆತಕ್ಕೆ 85, ರಾಹುಲ್ 115 ಎಸೆತಕ್ಕೆ ಔಟಾಗದೆ 97. ಇಬ್ಬರ ನಡುವೆ 165. ದರ ನಾಲ್ಕೇ ಬೇಕು ಎಂದು ಗೊತ್ತಿರುವಾಗ ಆರು ಹೊಡೆಯಲು ಹೋಗದೆ ಇರುವುದೂ ಏಕದಿನದ ವಿದ್ಯೆಯೇ. 12ರಲ್ಲಿ ಮಾರ್ಷ್ ಕೈಯಿಂದ ಕ್ಯಾಚ್ ಜಾರಿತು, ಅದು ಅದೃಷ್ಟ. ಆನಂತರದ ನೂರು ಎಸೆತ ಅದೃಷ್ಟವಲ್ಲ.

ಅದೇ ರಾಹುಲ್ ಆ 2023ರ ವಿಶ್ವಕಪ್ಪಿನ ಫೈನಲಿನಲ್ಲಿ 107 ಎಸೆತಕ್ಕೆ 66, ಒಂದೇ ಬೌಂಡರಿ. ಒಂದೇ ಮನುಷ್ಯ, ಒಂದೇ ಬಗೆಯ ಆಟ. ಗುರಿ ಕಣ್ಣೆದುರು ಇದ್ದಾಗ ಸರಿ ಹೋಯಿತು, ಇಲ್ಲದಾಗ ಸಾಲಲಿಲ್ಲ. ಆ ಪಿಚ್ಚಿನಲ್ಲಿ ಚೆಂಡು ನಿಂತು ಬರುತ್ತಿತ್ತು ಎಂಬುದನ್ನೂ ಮರೆಯಬೇಡಿ, ಅವರನ್ನು ಬೈಯುವುದು ಸುಲಭ.

ಹುಬ್ಬಳ್ಳಿ ಟು ಹಡಪ್ಸರ್

ರಾಹುಲ್ ಬಂದ್ರು ಅಂದ್ರ ದ್ರಾವಿಡ್ ಬರಬೇಕಲ್ಲ. 10889 ರನ್, 1999ರ ವಿಶ್ವಕಪ್ಪಿನಾಗ 461 ಮಾಡಿ ಎಲ್ಲಾರಕಿಂತ ಮುಂದ. ಔಟಿಗೆ 55 ಎಸೆತ ಬೀಳ್ತದ, ಸಚಿನ್‌ಕಿಂತ ಹೆಚ್ಚು. ವೇಗ 71, ಅದಕ್ಕ ಮೊದಲನೇ ಸಾಲಿಗೆ ಬರಂಗಿಲ್ಲ. ನಮ್ಮಾಂವ ಅನ್ನೋ ಪ್ರೀತಿ ಎಷ್ಟ ಇದ್ರೂ ಲೆಕ್ಕ ಲೆಕ್ಕನ. ಆದ್ರ ಟಾಂಟನ್‌ದಾಗ ಗಂಗೂಲಿ ಜೋಡಿ 318, ಹೈದರಾಬಾದಿನ್ಯಾಗ ಸಚಿನ್ ಜೋಡಿ 331, ಎರಡೂ ಒಂದ ವರ್ಷ, ಎರಡರಾಗೂ ಇಂವ ಶತಕ. ಎದುರಿನಾಂವ ಆಡೂಹಂಗ ಜಾಗಾ ಮಾಡಿಕೊಡೋದು ಇವಂಗ ಗೊತ್ತಿತ್ತು.

ವಾಸ್ಕೋ ಲೆಗ್‌ಗ್ಲಾನ್ಸ್

ದೊಡ್ಡ ಪಂದ್ಯದ ಮಾತು ಯಾರೂ ತೆಗೀಲಿಲ್ಲ. ವಿಶ್ವಕಪ್ ಸೆಮಿಫೈನಲ್, ಫೈನಲ್ ಮಾತ್ರ ತಗೊಳ್ಳಿ.

ಸಚಿನ್: ಸೆಮಿಫೈನಲ್‌ಗಳಲ್ಲಿ 1996ರಲ್ಲಿ 65, 2003ರಲ್ಲಿ 83, 2011ರಲ್ಲಿ 85. ಫೈನಲ್‌ನಲ್ಲಿ 4 ಮತ್ತು 18.
ಕೊಹ್ಲಿ: ಸೆಮಿಫೈನಲ್‌ಗಳಲ್ಲಿ 9, 1, 1, ಆಮೇಲೆ 2023ರಲ್ಲಿ ವಾಂಖೆಡೆಯಲ್ಲಿ 117. ಫೈನಲ್‌ನಲ್ಲಿ 35 ಮತ್ತು 54.
ರಿಚರ್ಡ್ಸ್: 1979ರ ಫೈನಲ್‌ನಲ್ಲಿ ಔಟಾಗದೆ 138, 1983ರದರಲ್ಲಿ 33. 1975ರಲ್ಲಿ ಬ್ಯಾಟಿಂದ ಬರೀ 5, ಫೀಲ್ಡಿಂಗ್‌ನಲ್ಲಿ ಮೂರು ರನೌಟ್.
ಪಾಂಟಿಂಗ್ 2003ರ ಫೈನಲ್‌ನಲ್ಲಿ 140, ಗಿಲ್‌ಕ್ರಿಸ್ಟ್ 2007ರಲ್ಲಿ 149, ಅರವಿಂದ ಡಿಸಿಲ್ವಾ 1996ರಲ್ಲಿ ಔಟಾಗದೆ 107ರ ಜೊತೆ 3 ವಿಕೆಟ್. 2011ರಲ್ಲಿ ವಾಂಖೆಡೆಯಲ್ಲಿ ಗಂಭೀರ್ 97, ಧೋನಿ ಔಟಾಗದೆ 91.

ಈ ಪಟ್ಟಿ ಹಿಡಿದ್ರೆ ಕೊಹ್ಲಿ ಮೊದಲ ಸ್ಥಾನಕ್ಕೆ ಬರಲ್ಲ.

ಮಾಟುಂಗಾ ಸ್ಕೋರ್‌ಬುಕ್

ಆರೇಳು ಇನಿಂಗ್ಸ್ ಹಿಡಿದು ಮುನ್ನೂರು ಇನಿಂಗ್ಸಿನ ಬ್ಯಾಟ್ಸ್‌ಮನ್‌ನ ಅಳೆಯೋಕೆ ನಾನು ಒಪ್ಪಲ್ಲ. ಒಂದು ಒಳ್ಳೆ ಹೊಸ ಚೆಂಡಿಗೆ ಯಾರೂ ಔಟಾಗಬಹುದು. 2023ರ ವಿಶ್ವಕಪ್‌ನಲ್ಲಿ ಕೊಹ್ಲಿ 11 ಇನಿಂಗ್ಸಿಗೆ 765, ಸಚಿನ್‌ನ 2003ರ 673ನ್ನ ದಾಟಿ. ಸೆಮಿಫೈನಲ್ ತಲುಪೋಕೆ ಲೀಗ್ ಪಂದ್ಯಗಳನ್ನೂ ಯಾರೋ ಗೆಲ್ಲಿಸಬೇಕಲ್ಲ. ಆದರೆ ರಿಚರ್ಡ್ಸ್ ವಿಷಯದಲ್ಲಿ ಹುಬ್ಬಳ್ಳಿಯವರ 20 ಪರ್ಸೆಂಟ್ ಲೆಕ್ಕಕ್ಕೆ ನನ್ನ ಬಳಿ ಉತ್ತರ ಇಲ್ಲ. ಗುರಿ ಬೆನ್ನಟ್ಟೋಕೆ ಕೊಹ್ಲಿ, ತನ್ನ ಕಾಲವನ್ನ ಮೀರಿ ಆಡಿದ್ದಕ್ಕೆ ರಿಚರ್ಡ್ಸ್. ಒಂದೇ ಹೆಸರು ಬೇಕು ಅಂದ್ರೆ ಈಗಲೂ ಕೊಹ್ಲಿ.

ಹುಬ್ಬಳ್ಳಿ ಟು ಹಡಪ್ಸರ್

ನಂದು ರಿಚರ್ಡ್ಸ್. ಸಾಯೂತನಕ.

ಠಾಣೆ ನೆಟ್ಸ್

ಮುಂದಿನ ಹೋಲಿಕೆಗೆ ಒಂದು ಎಚ್ಚರಿಕೆ. 2025ರ ಜುಲೈಯಿಂದ ನಿಯಮ ಮತ್ತೆ ಬದಲಾಗಿದೆ. 34 ಓವರ್‌ವರೆಗೆ ಎರಡು ಚೆಂಡು, 35ರಿಂದ ಕೊನೆವರೆಗೆ ಆ ಎರಡರಲ್ಲಿ ಒಂದೇ, ಅದನ್ನ ಆರಿಸೋದು ಬೌಲಿಂಗ್ ತಂಡ. ಅಂದ್ರೆ 50ನೇ ಓವರಿನ ಚೆಂಡಿಗೆ 25ರ ಬದಲು 33 ಓವರ್ ವಯಸ್ಸು. ರಿವರ್ಸ್ ಸ್ವಿಂಗ್‌ಗೆ ಬಾಗಿಲು ಸ್ವಲ್ಪ ತೆರೀತು, ಸ್ಪಿನ್ನರ್‌ಗೂ ಹಿಡಿತ ಸಿಗುತ್ತೆ. ಇಬ್ಬನಿ ಇರುವ ವಾಂಖೆಡೆಯಲ್ಲಿ, ಗಹುಂಜೆಯಲ್ಲಿ ಒದ್ದೆ ಚೆಂಡು ರಿವರ್ಸ್ ಆಗಲ್ಲ, ಅಲ್ಲಿ ವ್ಯತ್ಯಾಸ ಕಡಿಮೆ. ಒಣ ಹವೆಯ ಮೈದಾನಗಳಲ್ಲಿ ಕೊನೆಯ 15 ಓವರ್ ಬೇರೆಯದೇ ಆಟ. ಹಾಗಾಗಿ ಶುಭ್‌ಮನ್ ಗಿಲ್ ತರಹದವರ ಅಂಕಿ ಇಡುವಾಗ ಈ ದಿನಾಂಕದ ಹಿಂದು ಮುಂದು ಬೇರೆ ಮಾಡಿ. 35ನೇ ಓವರ್ ಆದ ಮೇಲಿನ ಎಸೆತ, ರನ್, ಔಟು ಮೂರನ್ನೂ ಪ್ರತ್ಯೇಕ ಬರೆದಿಡಿ. ಎರಡು ಚೆಂಡು ಎಷ್ಟು ರನ್ ಕೊಡ್ತಿತ್ತು ಅಂತ ಗೊತ್ತಾಗೋದು ಆ ಕಾಲಂನಿಂದಲೇ. ಅದು ಗೊತ್ತಾದ್ರೆ ಕೊಹ್ಲಿಯ 62 ಎಸೆತದಿಂದ ಎಷ್ಟು ಕಳೀಬೇಕು ಅನ್ನೋದನ್ನೂ ಲೆಕ್ಕ ಹಾಕಬಹುದು.